ಕಾಕ್ಸಾಕಿ ಬಿ1 ಮತ್ತು ಇಲಿಮರಿಯ ತೊಡೆಸ್ನಾಯು: ವೈರಸ್ ಸಿಗದ ಮೇಲೂ ಉರಿಯೂತ ಏಕೆ ಉಳಿಯುತ್ತದೆ?

ಕಿಟಕಿ_ಬೆಂಚು

ಮೊದಲೇ ಸ್ಪಷ್ಟಪಡಿಸುತ್ತೇನೆ, ಇಲ್ಲಿ ಇಲಿ ಎಂದರೆ ಮೌಸ್, ರ‍್ಯಾಟ್ ಅಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು ಹೇಳಿಬಿಡುತ್ತೇವೆ, ಆಮೇಲೆ ಗೊಂದಲವಾಗುತ್ತದೆ.

ವಿಷಯ ಇದು. ಕಾಕ್ಸಾಕಿ ಬಿ1 ವೈರಸ್ಸಿನ ಟೂಸಾನ್ ತಳಿಯನ್ನು ಹುಟ್ಟಿ ಒಂದೆರಡು ದಿನವಾದ ಸ್ವಿಸ್ ಇಲಿಮರಿಗಳಿಗೆ ಕೊಟ್ಟರೆ ಒಂದು ವಾರ ಕಳೆಯುವಷ್ಟರಲ್ಲಿ ಹಿಂಗಾಲು ಸೋಲುತ್ತದೆ. ಮೊದಲು ಪೆಟ್ಟು ಬೀಳುವುದು ತೊಡೆಯ ಸ್ನಾಯುಗಳಿಗೆ. ಬದುಕುಳಿದ ಮರಿಗಳ ಸ್ನಾಯುವಿನಲ್ಲಿ ಸುಮಾರು ಎರಡು ವಾರದ ನಂತರ ಪ್ಲಾಕ್ ಮಾಡಬಲ್ಲ, ಅಂದರೆ ತಟ್ಟೆಯಲ್ಲಿ ಬೆಳೆಸಿದ ಕೋಶಗಳನ್ನು ಕೊಂದು ಖಾಲಿ ಕಲೆ ಬೀಳಿಸಬಲ್ಲ ವೈರಸ್ ಸಿಗುವುದಿಲ್ಲ. ಆದರೂ ನಿಶ್ಶಕ್ತಿ ಮತ್ತು ಉರಿಯೂತ ವಾರಗಟ್ಟಲೆ ಉಳಿಯುತ್ತವೆ. ಮನುಷ್ಯರಲ್ಲಿ ಸ್ನಾಯುಗಳು ಉರಿಯೂತದಿಂದ ಸೋಲುವ ಪಾಲಿಮಯೋಸೈಟಿಸ್ ರೋಗಕ್ಕೆ ಇದನ್ನು ಮಾದರಿ ಎಂದು ಕರೆಯುವುದು ಇದೇ ಕಾರಣಕ್ಕೆ.

ಉಳಿಯುವುದಕ್ಕೆ ಮೂರು ಕಾರಣ ಊಹಿಸಬಹುದು. ಒಂದು, ವೈರಸ್ಸಿನ ಆರ್‌ಎನ್‌ಎ ಒಳಗೇ ಅಡಗಿದೆ. ಎರಡು, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಈಗ ಸ್ವಂತ ಸ್ನಾಯುವಿನ ಮೇಲೆಯೇ ತಿರುಗಿಬಿದ್ದಿವೆ. ಮೂರು, ರೋಗ ಎಂದೋ ಮುಗಿದಿದೆ, ನಾವು ನೋಡುತ್ತಿರುವುದು ಸರಿಯಾಗಿ ರಿಪೇರಿಯಾಗದ ಸ್ನಾಯು ಮಾತ್ರ. ಈ ಮೂರನ್ನು ಒಂದರಿಂದ ಒಂದು ಬಿಡಿಸಿ ತೋರಿಸುವ ಪ್ರಯೋಗ ಹೇಗಿರಬೇಕು? ಎಲ್ಲಿ ತಪ್ಪಾಗುತ್ತದೆ?

ಥೈಮಸ್

ಸ್ವಲ್ಪ ಹಿಂದಿನಿಂದ ಬರೋಣ. 1948ರಲ್ಲಿ ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ ನ್ಯೂಯಾರ್ಕ್ ರಾಜ್ಯದ ಕಾಕ್ಸಾಕಿ ಊರಿನ ಮಕ್ಕಳ ಮಲದಿಂದ ಈ ಗುಂಪಿನ ಮೊದಲ ವೈರಸ್ ಹಿಡಿದದ್ದೇ ಹಾಲುಕುಡಿಯುವ ಇಲಿಮರಿಗಳಿಂದ. ಎ ಮತ್ತು ಬಿ ಎಂದು ಗುಂಪು ಮಾಡಿದ್ದೂ ಮರಿಯ ಸ್ನಾಯು ನೋಡಿಯೇ. ಎ ಗುಂಪಿನಲ್ಲಿ ಮೈಯೆಲ್ಲ ಸ್ನಾಯು ಕರಗಿ ಕಾಲು ಜೋಲುತ್ತದೆ. ಬಿ ಗುಂಪಿನಲ್ಲಿ ಸ್ನಾಯುವಿನ ಗಾಯ ಅಲ್ಲಲ್ಲಿ ಮಾತ್ರ, ಜೊತೆಗೆ ಮಿದುಳು, ಮೇದೋಜೀರಕ, ಹೆಗಲ ನಡುವಿನ ಕಂದು ಕೊಬ್ಬು ಕೆಡುತ್ತವೆ. ಟೂಸಾನ್ ತಳಿ ಬಿ ಗುಂಪಿನದಾದರೂ ಎಲುಬಿಗಂಟಿದ ಸ್ನಾಯುವನ್ನೇ ಆರಿಸಿಕೊಂಡು ಹೊಡೆಯುತ್ತದೆ. ಅದೇ ಇದರ ವಿಶೇಷ.

ಟಿ ಕೋಶದ ಪಾತ್ರಕ್ಕೆ ಗಟ್ಟಿ ಸಾಕ್ಷಿ 1987ರದು. ಥೈಮಸ್ (ಟಿ ಕೋಶ ಬಲಿಯುವ ಗ್ರಂಥಿ) ಇಲ್ಲದ ನ್ಯೂಡ್ ತಳಿಯ ಮರಿಗಳಲ್ಲಿ ದೀರ್ಘಕಾಲದ ಮಯೋಸೈಟಿಸ್ (ಸ್ನಾಯು ಉರಿಯೂತ) ಕಾಣಿಸಿಕೊಳ್ಳಲಿಲ್ಲ, ಥೈಮಸ್ ಇದ್ದ ಒಡಹುಟ್ಟು ಮರಿಗಳಲ್ಲಿ ಕಾಣಿಸಿಕೊಂಡಿತು. ಆದರೆ ಈ ಫಲಿತಾಂಶವನ್ನು ಅದು ಹೇಳಿದ್ದಕ್ಕಿಂತ ಹೆಚ್ಚಿಗೆ ಎಳೆಯುವವರೇ ಬಹಳ. ನ್ಯೂಡ್ ಇಲಿಯಲ್ಲಿ ಟಿ ಕೋಶದ ಕೊರತೆ ಹುಟ್ಟಿನಿಂದಲೇ ಇದೆ. ಹಾಗಾಗಿ ರೋಗ ಶುರುವಾಗಲು ಟಿ ಕೋಶ ಬೇಕು ಎಂಬುದಷ್ಟೇ ಅದರಿಂದ ಸಿಗುತ್ತದೆ. ಶುರುವಾದ ರೋಗವನ್ನು ಆರನೇ ವಾರದಲ್ಲೂ ಉಳಿಸುತ್ತಿರುವುದು ಟಿ ಕೋಶವೇ ಎಂಬುದು ಅದರಿಂದ ಸಿಗುವುದಿಲ್ಲ. ನಿಮ್ಮ ಪ್ರಶ್ನೆ ಎರಡನೆಯದು.

ಅದಕ್ಕೆ ಬೇಕಾದದ್ದು ತಡವಾದ ತೆರವು. ವೈರಸ್ ಪ್ಲಾಕ್ ನಿಂತ ಮೇಲೆ, ಅಂದರೆ 21ನೇ ದಿನದ ಆಚೆಗೆ, ಸಿಡಿ4 (ಒಂದು ಬಗೆಯ ಟಿ ಕೋಶದ ಮೇಲಿನ ಗುರುತು) ವಿರುದ್ಧದ ಜಿಕೆ1.5 ಪ್ರತಿಕಾಯ ಕೊಟ್ಟು ಸಿಡಿ4 ಕೋಶ ತೆಗೆಯಿರಿ. ಇನ್ನೊಂದು ಗುಂಪಿನಲ್ಲಿ ಟಿ ಕೋಶದ ಇನ್ನೊಂದು ಬಗೆಯಾದ ಸಿಡಿ8 ತೆಗೆಯಿರಿ. ಮೂರನೇ ಗುಂಪಿಗೆ ಅದೇ ಐಸೊಟೈಪಿನ (ಪ್ರತಿಕಾಯದ ವರ್ಗ), ಯಾವುದಕ್ಕೂ ಅಂಟದ ಪ್ರತಿಕಾಯ. ತೆಗೆದದ್ದು ನಿಜವಾಗಿ ಹೋಗಿದೆಯೇ ಎಂದು ಫ್ಲೋ ಸೈಟೊಮೆಟ್ರಿಯಲ್ಲಿ (ಬಣ್ಣದ ಪ್ರತಿಕಾಯ ಅಂಟಿಸಿ ಕೋಶ ಎಣಿಸುವ ವಿಧಾನ) ನೋಡುವಾಗ ಮತ್ತೆ ಜಿಕೆ1.5 ಬಳಸಬೇಡಿ. ಇಂಜೆಕ್ಷನ್ನಿನ ಪ್ರತಿಕಾಯ ಆಗಲೇ ಆ ಜಾಗ ಹಿಡಿದು ಕೂತಿರುತ್ತದೆ, ಜೀವಂತ ಇರುವ ಕೋಶವೂ ಇಲ್ಲ ಎಂದೇ ತೋರುತ್ತದೆ. ಆರ್‌ಎಂ4-4 ಎಂಬ ಬೇರೆ ಕ್ಲೋನ್ ಇರುವುದು ಇದಕ್ಕೇ. ರಕ್ತದಲ್ಲಿ ಹೋಗಿದ್ದು ಸ್ನಾಯುವಿನಲ್ಲೂ ಹೋಗಿದೆ ಎಂದುಕೊಳ್ಳಬೇಡಿ, ಸ್ನಾಯುವಿನ ಕೋಶ ಬಿಡಿಸಿ ಅಲ್ಲೂ ಎಣಿಸಿ.

ಎರಡೆಳೆ

ಮೊದಲ ಕಾರಣವನ್ನು ಅಷ್ಟು ಬೇಗ ಪಕ್ಕಕ್ಕಿಡಬೇಡಿ. ಇದೇ ಮಾದರಿಯಲ್ಲಿ, ಸೋಂಕುಕಾರಿ ವೈರಸ್ ಸಿಗದ ಹಂತದಲ್ಲೂ ಸ್ನಾಯುವಿನಲ್ಲಿ ವೈರಸ್ ಆರ್‌ಎನ್‌ಎ ಇದೆ ಎಂದು 1991ರಲ್ಲಿ ತೋರಿಸಿದರು. ಆ ಆರ್‌ಎನ್‌ಎ ಎರಡೆಳೆಯ ರೂಪದಲ್ಲಿ ಉಳಿಯುತ್ತದೆ, ಉಳಿಯಲು ಜೀನೋಮಿನಲ್ಲಿ ಹೊಸ ರೂಪಾಂತರ ಬೇಕಾಗಿಲ್ಲ ಎಂದು 1999ರಲ್ಲಿ ತೋರಿಸಿದರು. ಹೃದಯದ ಕಾಕ್ಸಾಕಿ ಬಿ3 ಕಥೆ ಬೇರೆ, ಅಲ್ಲಿ ಜೀನೋಮಿನ 5 ಪ್ರೈಮ್ (ಆರಂಭದ) ತುದಿ ಕತ್ತರಿಸಿಹೋದ ವೈರಸ್ ಉಳಿದುಕೊಳ್ಳುತ್ತದೆ. ಎರಡನ್ನೂ ಬೆರೆಸಬೇಡಿ.

ಈಗ ಕೆಲಸದ ಮಾತು. ವೈರಸ್ ಇಲ್ಲ ಎಂದು ಹೇಳುವುದಕ್ಕೆ ಪ್ಲಾಕ್ ಅಸ್ಸೇ ಒಂದೇ ಸಾಲದು. ಹತ್ತನೇ ದಿನದ ಸುಮಾರಿಗೆ ಮರಿಯ ರಕ್ತದಲ್ಲಿ ವೈರಸ್ಸನ್ನು ನಿಷ್ಕ್ರಿಯ ಮಾಡುವ ಪ್ರತಿಕಾಯ ಇರುತ್ತದೆ. ಸ್ನಾಯು ಅರೆದಾಗ ಆ ರಕ್ತವೂ ಜೊತೆಗೆ ಬರುತ್ತದೆ, ಇದ್ದ ವೈರಸ್ಸನ್ನು ಟ್ಯೂಬಿನಲ್ಲೇ ಕಟ್ಟಿಹಾಕುತ್ತದೆ. ಹೃದಯದ ಮೂಲಕ ತಣ್ಣನೆಯ ಪಿಬಿಎಸ್ (ಉಪ್ಪುನೀರಿನ ಬಫರ್) ಹರಿಸಿ ರಕ್ತ ತೊಳೆದ ಮೇಲೆ ಸ್ನಾಯು ತೆಗೆಯಿರಿ. ತೂಕ ಮಾಡಿ, ಶೇ 10ರ ಅರೆತ ತಯಾರಿಸಿ, ಮೂರು ಸಲ ಹೆಪ್ಪುಗಟ್ಟಿಸಿ ಕರಗಿಸಿ, ಹತ್ತು ಪಟ್ಟು ತೆಳುವು ಮಾಡುತ್ತ ಹೀಲಾ ಕೋಶದ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶ) ಮೇಲೆ ಹಾಕಿ. ಶುದ್ಧ ಅರೆತ ಕೋಶಕ್ಕೆ ವಿಷವಾಗುವುದುಂಟು, ಮೊದಲ ಬಾವಿಯ ಕೋಶ ಸತ್ತಿದ್ದನ್ನು ವೈರಸ್ ಎಂದು ಓದಿಬಿಡುತ್ತಾರೆ. ಸೋಂಕಿಲ್ಲದ ಮರಿಯ ಅರೆತವನ್ನು ಅದೇ ತಟ್ಟೆಯಲ್ಲಿ ಹಾಕಿದರೆ ಮೋಸ ತಿಳಿಯುತ್ತದೆ. ಪ್ಲಾಕ್ ಬರದಿದ್ದರೆ ಅರೆತವನ್ನು ಹೀಲಾದಲ್ಲಿ ಮೂರು ಸಲ ಕುರುಡು ಪ್ಯಾಸೇಜ್ (ಏನೂ ಕಾಣದಿದ್ದರೂ ಹೊಸ ಕೋಶಕ್ಕೆ ದಾಟಿಸುವುದು) ಮಾಡಿದ ಮೇಲಷ್ಟೇ ನೆಗೆಟಿವ್ ಎಂದು ಬರೆಯಿರಿ.

ಇನ್ನು ಆರ್‌ಎನ್‌ಎ. ಎರಡೆಳೆ ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ನಕಲು ಶುರುಮಾಡುವ ಚಿಕ್ಕ ತುಣುಕಾದ ಪ್ರೈಮರ್‌ಗೆ ಅಂಟಲು ಜಾಗವಿಲ್ಲ. ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡುವ (ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್) ಸಾಮಾನ್ಯ ಕಿಟ್‌ನ 65 ಡಿಗ್ರಿ ಸೆಲ್ಸಿಯಸ್ ಹಂತದಲ್ಲಿ ಅದು ಬಿಚ್ಚುವುದಿಲ್ಲ. ಪ್ರೈಮರ್ ಜೊತೆ ಆರ್‌ಎನ್‌ಎಯನ್ನು 95 ಡಿಗ್ರಿಯಲ್ಲಿ 3ರಿಂದ 5 ನಿಮಿಷ ಕಾಯಿಸಿ ತಕ್ಷಣ ಐಸಿಗೆ ಇಳಿಸಬೇಕು. ಈ ಒಂದು ಹಂತ ಬಿಟ್ಟರೆ ಇದ್ದದ್ದೂ ಇಲ್ಲವಾಗುತ್ತದೆ.

ಎರಡನೆಯ ಮೋಸ ಇದಕ್ಕೆ ತದ್ವಿರುದ್ಧ. ಋಣ ಎಳೆಯನ್ನು (ವೈರಸ್ ನಕಲಾಗುವಾಗ ಹುಟ್ಟುವ ಪೂರಕ ಎಳೆ) ಮಾತ್ರ ಅಳೆಯುತ್ತೇವೆ ಎಂದುಕೊಂಡು ಧನ ಎಳೆಯನ್ನೇ (ವೈರಸ್ಸಿನ ಮೂಲ ಜೀನೋಮ್) ಅಳೆಯುವುದು. ಆರ್‌ಎನ್‌ಎ ತನ್ನಷ್ಟಕ್ಕೆ ಮಡಚಿಕೊಂಡು ತಾನೇ ಪ್ರೈಮರ್ ಆಗುತ್ತದೆ. ಅದಕ್ಕೇ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ ಪ್ರೈಮರಿನ ತುದಿಗೆ ವೈರಸ್ಸಿನಲ್ಲೂ ಇಲಿಯಲ್ಲೂ ಇಲ್ಲದ ಒಂದು ಟ್ಯಾಗ್ ಜೋಡಿಸಿ, ಪಿಸಿಆರ್ ಅನ್ನು ಆ ಟ್ಯಾಗಿನಿಂದಲೇ ನಡೆಸಿ. ಪ್ರೈಮರ್ ಹಾಕದ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ ಟ್ಯೂಬ್ ಪ್ರತಿ ಸಲವೂ ಇರಲಿ. ತೀವ್ರ ಸೋಂಕಿನಲ್ಲಿ ಧನ ಎಳೆ ಋಣಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಅನುಪಾತ ಸಮಕ್ಕೆ ಹತ್ತಿರ ಬಂದರೆ ಎರಡೆಳೆಯ ಅನುಮಾನ ಗಟ್ಟಿ. ಖಚಿತಪಡಿಸಲು ಅರ್ಧ ಮಾದರಿಯನ್ನು 0.3 ಮೋಲಾರ್ ಉಪ್ಪಿನಲ್ಲಿ ಆರ್‌ಎನ್‌ಏಸ್ ಎಯಿಂದ ಉಪಚರಿಸಿ. ಹೆಚ್ಚು ಉಪ್ಪಿದ್ದಾಗ ಆ ಕಿಣ್ವ ಒಂಟಿ ಎಳೆಯನ್ನಷ್ಟೇ ಕತ್ತರಿಸುತ್ತದೆ. ಉಪ್ಪು ಕಡಿಮೆಯಾದರೆ ಎರಡೆಳೆಯನ್ನೂ ತಿಂದುಹಾಕುತ್ತದೆ, ಪ್ರಯೋಗ ಅಲ್ಲಿಗೇ ಮುಗಿಯಿತು.

ಗೂಡುಪಾಲಕ

ಎಲ್ಲರೂ ಟ್ಯೂಬಿಗೆ ಹೋಗಿಬಿಟ್ಟಿರಿ, ಪಂಜರದ ಮಾತು ಬಾಕಿ ಇದೆ. ಈ ಮಾದರಿ ಕೆಡುವುದು ಹೆಚ್ಚಾಗಿ ಅಲ್ಲೇ.

ತಾಯಿಯ ರಕ್ತದಲ್ಲಿ ಕಾಕ್ಸಾಕಿ ಬಿ1 ವಿರುದ್ಧ ಪ್ರತಿಕಾಯ ಇದ್ದರೆ ಮರಿಗೆ ಹಾಲಿನ ಮೂಲಕವೂ ಬರುತ್ತದೆ, ರೋಗ ಬರುವುದಿಲ್ಲ. ಹಿಂದಿನ ಸಲ ಸೋಂಕಿತ ಮರಿಗಳನ್ನು ಸಾಕಿದ ತಾಯಿಯನ್ನು ಮತ್ತೆ ಬಳಸಲೇಬೇಡಿ. ಮರಿಗಳ ಮಲದಿಂದ ಅವಳಿಗೆ ಆಗಲೇ ಸೋಂಕು ತಗುಲಿರುತ್ತದೆ. ಕಾಲೊನಿಯಲ್ಲಿ ಥೈಲರ್ ವೈರಸ್ ಮತ್ತು ಇಲಿಯ ಹೆಪಟೈಟಿಸ್ ವೈರಸ್ ಇಲ್ಲ ಎಂಬ ವರದಿ ಕೈಯಲ್ಲಿರಲಿ. ಥೈಲರ್ ಕೂಡ ಕಾಕ್ಸಾಕಿ ಸೇರಿದ ಪಿಕೋರ್ನಾ ಬಳಗದ್ದೇ, ಹಿಂಗಾಲನ್ನು ಬೇರೆ ಕಾರಣಕ್ಕೆ ಕೆಡಿಸಿ ದಾರಿ ತಪ್ಪಿಸುತ್ತದೆ.

ಸೋಂಕಿತ ಮರಿ ಮತ್ತು ಸೋಂಕಿಲ್ಲದ ಮರಿ ಒಂದೇ ಗೂಡಿನಲ್ಲಿ ಇರಕೂಡದು. ತಾಯಿ ಎಲ್ಲರನ್ನೂ ನೆಕ್ಕುತ್ತಾಳೆ, ಸೋಂಕು ಹರಡುತ್ತದೆ. ಆದ್ದರಿಂದ ಇಡೀ ಸೂಲು ಒಂದೇ ಗುಂಪಿಗೆ ಹೋಗುತ್ತದೆ, ಲೆಕ್ಕದ ಘಟಕವೂ ಸೂಲೇ. ಒಂದು ಸೂಲಿನ 10 ಮರಿಗಳನ್ನು 10 ಸ್ವತಂತ್ರ ಪ್ರಾಣಿಗಳೆಂದು ಎಣಿಸಿದರೆ ಅಂಕಿಅಂಶ ಸುಳ್ಳು ಹೇಳುತ್ತದೆ. ಪ್ರತಿ ಸೂಲನ್ನೂ 8 ಮರಿಗೆ ಸಮಮಾಡಿ. ಮೂರು ಮರಿಯ ಗೂಡಿನಲ್ಲಿ ಹಾಲು ಯಥೇಚ್ಛ, ಹದಿಮೂರು ಮರಿಯ ಗೂಡಿನಲ್ಲಿ ಮರಿ ಬಡವಾಗಿ ಕಾಲಿನ ಬಲ ಹಾಗೇ ಕಡಿಮೆ ಇರುತ್ತದೆ.

ಇಂಜೆಕ್ಷನ್ ಕೊಡುವಾಗ 30 ಗೇಜ್ ಇನ್ಸುಲಿನ್ ಸಿರಿಂಜ್, 50 ಮೈಕ್ರೋಲೀಟರಿಗಿಂತ ಹೆಚ್ಚು ಬೇಡ. ಚರ್ಮದ ಕೆಳಗೆ ಸೂಜಿಯನ್ನು ಒಂದಷ್ಟು ದೂರ ನಡೆಸಿ ಬಿಡಿ, ಹೊರತೆಗೆದ ಮೇಲೆ ರಂಧ್ರವನ್ನು ಹತ್ತು ಸೆಕೆಂಡ್ ಹಿಡಿದುಕೊಳ್ಳಿ. ಎಳೆಯ ಚರ್ಮದಿಂದ ದ್ರವ ಹೊರಕ್ಕೆ ಜಿನುಗುತ್ತದೆ, ಆ ಹನಿಯಲ್ಲೇ ಅರ್ಧ ಡೋಸ್ ಹೋಗುವುದುಂಟು. ಕೈಗವಸಿಗೆ ತಾಯಿಯ ಗೂಡಿನ ಹುಲ್ಲು ತಿಕ್ಕಿಕೊಂಡು ಮರಿ ಮುಟ್ಟಿ, ಇಲ್ಲದಿದ್ದರೆ ತಾಯಿ ಮರಿಯನ್ನು ತಿನ್ನುವ ಅಪಾಯವಿದೆ. ಪ್ರಾಣಿಪ್ರಯೋಗಗಳ ಮೇಲ್ವಿಚಾರಣೆಯ ಸಿಸಿಎಸ್‌ಇಎ ಸಮಿತಿಯ ಫಾರ್ಮ್ ಬಿಯಲ್ಲಿ ಮರಿಗಳ ಸಂಖ್ಯೆಯನ್ನೂ ಬರೆಯಬೇಕು, ತಾಯಂದಿರನ್ನಷ್ಟೇ ಎಣಿಸಿದರೆ ಅರ್ಜಿ ಹಿಂತಿರುಗುತ್ತದೆ. ಯಾವ ಹಂತದಲ್ಲಿ ಮರಿಯ ನೋವು ಮುಗಿಸಬೇಕು ಎಂಬುದೂ ಅದರಲ್ಲೇ ಇರಲಿ: ಹೊಟ್ಟೆಯಲ್ಲಿ ಹಾಲಿನ ಬಿಳಿ ಕಲೆ ಕಾಣದೆ ಮರಿ ತಣ್ಣಗಾಗಿದ್ದರೆ ಕಾಯಬೇಡಿ.

ಕಿಟಕಿ_ಬೆಂಚು

ಬಲ ಅಳೆಯುವುದು ಹೇಗೆ? ಗ್ರಿಪ್ ಮೀಟರ್ ಮರಿಗಳಿಗೆ ಆಗುವುದಿಲ್ಲ.

ಗೂಡುಪಾಲಕ

ಮೊದಲ ಹತ್ತು ಹನ್ನೆರಡು ದಿನ ಹಿಂಗಾಲಿನ ತೂಗು ಪರೀಕ್ಷೆ ಮಾಡಿ. 50 ಎಂಎಲ್ ಟ್ಯೂಬಿನ ಅಂಚಿಗೆ ಮರಿಯ ಹಿಂಗಾಲು ಸಿಕ್ಕಿಸಿ, ತಲೆ ಕೆಳಗಾಗಿ ಎಷ್ಟು ಹೊತ್ತು ನಿಲ್ಲುತ್ತದೆ, ಕಾಲುಗಳ ನಡುವೆ ಎಷ್ಟು ಅಂತರವಿದೆ ನೋಡಿ. ಬಲವಿದ್ದರೆ ಕಾಲು ಅಗಲ, ಸೋತಿದ್ದರೆ ಎರಡೂ ಒಟ್ಟಿಗೆ ಸೇರುತ್ತವೆ. ಟ್ಯೂಬಿನ ತಳದಲ್ಲಿ ಹತ್ತಿ ಇರಲಿ. ಮೂರನೇ ವಾರದ ನಂತರ ತಂತಿ ಜಾಲರಿಯನ್ನು ಮಗುಚಿ ಹಿಡಿದು ಬೀಳುವ ಹೊತ್ತು ಅಳೆಯಿರಿ. ಆ ಸಮಯವನ್ನು ಮೈತೂಕದಿಂದ ಗುಣಿಸಿ ಹೋಲಿಸಿ, ಏಕೆಂದರೆ ಸೋಂಕಿತ ಮರಿ ಹಗುರ, ಹಗುರವಾದದ್ದು ಹೆಚ್ಚು ಹೊತ್ತು ತೂಗುತ್ತದೆ. ಅಳೆಯುವವರಿಗೆ ಯಾವ ಗೂಡು ಯಾವ ಗುಂಪಿನದು ಎಂದು ತಿಳಿದಿರಬಾರದು.

ಸ್ನಾಯು ಕೆಟ್ಟಾಗ ರಕ್ತಕ್ಕೆ ಸೋರುವ ಸಿಕೆ ಕಿಣ್ವದ ಮೇಲೆ ಹೆಚ್ಚು ಭರವಸೆ ಬೇಡ. ರಕ್ತ ತೆಗೆಯುವಾಗ ಮರಿ ಒದ್ದಾಡಿದರೂ ಏರುತ್ತದೆ, ರಕ್ತಕಣ ಒಡೆದರೂ ಏರುತ್ತದೆ.

ಸ್ಲೈಡ್_ಮುಂದೆ

ಹಿಸ್ಟಾಲಜಿ (ಸ್ನಾಯುವನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಬಗ್ಗೆ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಮೂರನೇ ಕಾರಣ ತೀರ್ಮಾನವಾಗುವುದು ಇಲ್ಲೇ.

ಫಾರ್ಮಲಿನ್ ಬೇಡ, ಹಸಿ ಸ್ನಾಯುವನ್ನೇ ಹೆಪ್ಪುಗಟ್ಟಿಸಿ. ಸ್ಟೀಲ್ ಲೋಟದಲ್ಲಿ ಐಸೊಪೆಂಟೇನ್ ತೆಗೆದುಕೊಂಡು ದ್ರವ ಸಾರಜನಕದಲ್ಲಿ ಇಳಿಬಿಡಿ. ತಳದಲ್ಲಿ ಬಿಳಿ ಹರಳು ಕಟ್ಟತೊಡಗಿದಾಗ ಸುಮಾರು ಮೈನಸ್ 160 ಡಿಗ್ರಿ, ಅದೇ ಹದ. ಮರಿಯ ತೊಡೆಸ್ನಾಯುವನ್ನು ಅದರಲ್ಲಿ ಹತ್ತು ಸೆಕೆಂಡ್ ಮುಳುಗಿಸಿ. ನೇರ ಸಾರಜನಕಕ್ಕೆ ಹಾಕಿದರೆ ಸುತ್ತ ಅನಿಲದ ಪದರ ಕಟ್ಟಿ ಹೆಪ್ಪು ನಿಧಾನವಾಗುತ್ತದೆ, ನಾರಿನೊಳಗೆಲ್ಲ ಐಸಿನ ತೂತು. ಸ್ನಾಯುವನ್ನು ಸಲೈನಿನಲ್ಲಿ ಅದ್ದಿಟ್ಟರೂ ಅದೇ ಗತಿ. ಸಲೈನಿನಲ್ಲಿ ನೆನೆಸಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು. ಆ ತೂತನ್ನು ವ್ಯಾಕ್ಯುವೋಲ್ ಎಂದು ಓದಿ ಹೊಸ ರೋಗಲಕ್ಷಣ ಕಂಡುಹಿಡಿದವರಿದ್ದಾರೆ. ಗುರುತು ಸುಲಭ: ಐಸಿನ ತೂತು ಅಕ್ಕಪಕ್ಕದ ಎಲ್ಲ ನಾರಿನಲ್ಲೂ ಒಂದೇ ತರಹ ಇರುತ್ತದೆ. ರೋಗ ಹಾಗೆ ಸಮನಾಗಿ ಹಂಚಿಕೊಳ್ಳುವುದಿಲ್ಲ.

ಸೆಕ್ಷನ್ 8ರಿಂದ 10 ಮೈಕ್ರಾನ್, ನಾರಿಗೆ ಅಡ್ಡಲಾಗಿ. ಗಾಯ ಅಲ್ಲಲ್ಲಿ ಮಾತ್ರ ಇರುವುದರಿಂದ ಒಂದೇ ಸೆಕ್ಷನ್ ನೋಡಿ ಇಲ್ಲ ಎನ್ನಬೇಡಿ, 200 ಮೈಕ್ರಾನ್ ಅಂತರದಲ್ಲಿ ಐದಾರು ಮಟ್ಟ ಕತ್ತರಿಸಿ.

ಏಳನೇ ದಿನದ ಸ್ಲೈಡ್ ಹೀಗಿರುತ್ತದೆ: ನಸುಗುಲಾಬಿಯ ಆರೋಗ್ಯವಂತ ನಾರುಗಳ ನಡುವೆ ಊದಿಕೊಂಡ, ಮಾಸಲಾದ, ಗೆರೆ ಅಳಿಸಿದ ನಾರಿನ ಗುಂಪು. ಕೆಲವದರೊಳಗೆ ಸತ್ತದ್ದನ್ನು ತಿನ್ನುವ ಮ್ಯಾಕ್ರೊಫೇಜ್ ಕೋಶಗಳು ನುಗ್ಗಿ ಕೂತಿರುತ್ತವೆ, ನಾರಿನ ಹೊರಗಿನ ಪೊರೆ ಮಾತ್ರ ಖಾಲಿ ಕೊಳವೆಯಂತೆ ಉಳಿದಿರುತ್ತದೆ. ಇದು ವೈರಸ್ ನೇರವಾಗಿ ಮಾಡಿದ ಹಾನಿ. ಎಂಟೆರೊವೈರಸ್ಸಿನ (ಕಾಕ್ಸಾಕಿ ಸೇರುವ ಗುಂಪು) 2ಎ ಪ್ರೋಟಿಯೇಸ್ ಕಿಣ್ವ ನಾರಿನ ಪೊರೆಗೆ ಆಸರೆಯಾದ ಡಿಸ್ಟ್ರೋಫಿನ್ನನ್ನೇ ಕತ್ತರಿಸುತ್ತದೆ ಎಂದು ಹೃದಯದ ಸ್ನಾಯುಕೋಶದಲ್ಲಿ 1999ರಲ್ಲಿ ತೋರಿಸಿದ್ದರು. ನಾರಿನ ಪೊರೆ ಸೋರಿದೆಯೇ ಎಂದು ನೋಡಲು ಹಿಂದಿನ ದಿನ ಶೇ 1ರ ಇವಾನ್ಸ್ ಬ್ಲೂ ಬಣ್ಣ, ಗ್ರಾಂ ಮೈತೂಕಕ್ಕೆ 10 ಮೈಕ್ರೋಲೀಟರ್, ಹೊಟ್ಟೆಯೊಳಗೆ ಕೊಡಿ. ಸೋರಿದ ನಾರು ಕೆಂಪಾಗಿ ಹೊಳೆಯುತ್ತದೆ.

ಐದಾರನೇ ವಾರದಲ್ಲಿ ನೋಟ ಬೇರೆ. ನಾರಿನ ನಡುವಿಗೆ ಬಂದ ಕೋಶಕೇಂದ್ರಗಳು, ಸಣ್ಣ ದೊಡ್ಡ ನಾರುಗಳ ಕಲಬೆರಕೆ, ರಕ್ತನಾಳದ ಸುತ್ತ ಮತ್ತು ನಾರಿನ ನಡುವೆ ಒಂಟಿ ಕೋಶಕೇಂದ್ರದ ಬಿಳಿ ಕೋಶಗಳು. ಇಲ್ಲಿ ಜಾಗ್ರತೆ. ಮನುಷ್ಯರಲ್ಲಿ ರಿಪೇರಿಯಾದ ನಾರಿನ ಕೇಂದ್ರ ಕೆಲವೇ ವಾರದಲ್ಲಿ ಅಂಚಿಗೆ ಸರಿಯುತ್ತದೆ, ಇಲಿಯಲ್ಲಿ ತಿಂಗಳುಗಟ್ಟಲೆ ನಡುವೆಯೇ ಉಳಿಯುತ್ತದೆ. ಆದ್ದರಿಂದ ನಡುಕೇಂದ್ರ ಹಳೆಯ ಗಾಯಕ್ಕಷ್ಟೇ ಸಾಕ್ಷಿ. ರೋಗ ಇಂದೂ ನಡೆಯುತ್ತಿದೆ ಎನ್ನಲು ಹೊಸ ಸಾಯುವ ನಾರು ಬೇಕು, ಇವಾನ್ಸ್ ಬ್ಲೂ ಕುಡಿದ ನಾರು ಬೇಕು, ಅದರ ಪಕ್ಕದಲ್ಲಿ ಟಿ ಕೋಶ ಬೇಕು.

ಇನ್ನೊಂದು ಗುಂಡಿ. ಹೊಸ ನಾರಿನ ಗುರುತಿಗೆ ಎಲ್ಲರೂ ಭ್ರೂಣಾವಸ್ಥೆಯ ಮಯೋಸಿನ್ (ಸ್ನಾಯುವಿನ ಒಂದು ಪ್ರೋಟೀನ್) ತೋರಿಸುವ ಬಣ್ಣ ಹಾಕುತ್ತಾರೆ. ಹುಟ್ಟಿದ ಮರಿಯಲ್ಲಿ ಅದು ಸಹಜವಾಗಿಯೇ ಇರುತ್ತದೆ, ಮೊದಲ ಎರಡು ವಾರದಲ್ಲಿ ಇಳಿಯುತ್ತದೆ. ಏಳನೇ ದಿನ ಈ ಬಣ್ಣ ಹಾಕಿದರೆ ಆರೋಗ್ಯವಂತ ಮರಿಯ ಸ್ಲೈಡೂ ಹೊಳೆಯುತ್ತದೆ. ಎಳೆ ಸ್ನಾಯುವಿನಲ್ಲಿ ಕೋಶಕೇಂದ್ರಗಳೂ ದಟ್ಟ, ಅಭ್ಯಾಸವಿಲ್ಲದ ಕಣ್ಣಿಗೆ ಉರಿಯೂತದಂತೆ ಕಾಣುತ್ತದೆ. ಅದೇ ದಿನ ಹುಟ್ಟಿದ, ಸೋಂಕಿಲ್ಲದ ಮರಿಯ ಸ್ಲೈಡ್ ಪಕ್ಕದಲ್ಲಿ ಇಟ್ಟುಕೊಳ್ಳದೆ ಅಂಕ ಕೊಡಬೇಡಿ.

ಎರಡೆಳೆ

ಎರಡೆಳೆ ಆರ್‌ಎನ್‌ಎಗೆ ಜೆ2 ಪ್ರತಿಕಾಯ ಹಾಕಿ ಸೆಕ್ಷನ್‌ನಲ್ಲೇ ತೋರಿಸಬಹುದಲ್ಲ?

ಸ್ಲೈಡ್_ಮುಂದೆ

ಹಾಕಬಹುದು, ಆದರೆ ಜೆ2 ಇಲಿಯದೇ ಐಜಿಜಿ2ಎ ವರ್ಗದ ಪ್ರತಿಕಾಯ. ಸತ್ತ ನಾರು ರಕ್ತದ ಐಜಿಜಿಯನ್ನು ಸ್ಪಂಜಿನಂತೆ ಹೀರಿರುತ್ತದೆ, ಇಲಿ ಐಜಿಜಿ ಹಿಡಿಯುವ ಎರಡನೇ ಪ್ರತಿಕಾಯ ಅಲ್ಲೆಲ್ಲ ಅಂಟುತ್ತದೆ. ನೀವು ವೈರಸ್ ಹುಡುಕುವ ಜಾಗವೂ ಅದೇ ಸತ್ತ ನಾರು, ಸುಳ್ಳು ಹೊಳೆಯುವ ಜಾಗವೂ ಅದೇ. ಬಣ್ಣವನ್ನು ನೇರವಾಗಿ ಜೋಡಿಸಿದ ಜೆ2 ಬಳಸಿ, ಅದೇ ಬಣ್ಣದ ಐಜಿಜಿ2ಎ ಐಸೊಟೈಪ್ ಕಂಟ್ರೋಲ್ ಪಕ್ಕದ ಸೆಕ್ಷನ್ನಿಗೆ ಹಾಕಿ. ಇನ್ ಸಿಟು ಹೈಬ್ರಿಡೈಸೇಷನ್ (ಸೆಕ್ಷನ್ನಿನಲ್ಲೇ ವೈರಸ್ ಆರ್‌ಎನ್‌ಎಗೆ ಜೋಡಿಯಾಗುವ ತುಣುಕು ಅಂಟಿಸುವುದು) ಇನ್ನೂ ಒಳ್ಳೆಯದು. ಸಿಡಿ4, ಸಿಡಿ8, ಮ್ಯಾಕ್ರೊಫೇಜ್ ಗುರುತಾದ ಎಫ್4/80 ಇವಕ್ಕೆ ರ‍್ಯಾಟ್ ಕ್ಲೋನ್‌ಗಳಿವೆ, ತೊಂದರೆ ಕಡಿಮೆ.

ಮಲೆನಾಡ_ವೈದ್ಯ

ರೋಗಿಗಳು ಕೇಳುವ ಪ್ರಶ್ನೆಯ ಕಡೆಯಿಂದ ಒಂದು ಮಾತು. ಇಲಿಯ ಸಾಕ್ಷಿ ಇಷ್ಟು ಚೆನ್ನಾಗಿದ್ದರೂ, ಪಾಲಿಮಯೋಸೈಟಿಸ್ ಮತ್ತು ಚರ್ಮವನ್ನೂ ಕೆಡಿಸುವ ಡರ್ಮಟೊಮಯೋಸೈಟಿಸ್ ರೋಗಿಗಳ ಸ್ನಾಯುವಿನಲ್ಲಿ ಪಿಸಿಆರ್ ಮಾಡಿ ಹುಡುಕಿದ 1992ರ ಅಧ್ಯಯನದಲ್ಲಿ ಅನುಮಾನಿತ ವೈರಸ್‌ಗಳ ಜೀನೋಮ್ ಸಿಗಲಿಲ್ಲ. ಹಾಗಾಗಿ ಮಯೋಸೈಟಿಸ್ ಇದ್ದವರಿಗೆ ಕಾಕ್ಸಾಕಿ ಪರೀಕ್ಷೆ ಬರೆಯಲು ಈ ಮಾದರಿ ಕಾರಣವಾಗಬಾರದು. ಫ್ಲೂ ನಂತರ ಮಕ್ಕಳ ಮೀನಖಂಡ ಹಿಡಿದುಕೊಂಡು ಸಿಕೆ ಏರುವುದು ಬೇರೆ ವಿಷಯ, ಅದು ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಯುತ್ತದೆ.

ನಮ್ಮ ಕಡೆಗೆ ನಿಜವಾಗಿ ಹತ್ತಿರದ್ದು ಚಿಕೂನ್‌ಗುನ್ಯಾ. 2006ರಲ್ಲಿ ಕರ್ನಾಟಕ ಒಂದರಲ್ಲೇ ಏಳೂವರೆ ಲಕ್ಷದಷ್ಟು ಶಂಕಿತ ಪ್ರಕರಣಗಳಿದ್ದವು. ಆ ಕಾಲದ ರೋಗಿಗಳ ಸ್ನಾಯು ಬಯಾಪ್ಸಿಯನ್ನು ಫ್ರಾನ್ಸಿನ ತಂಡವೊಂದು ನೋಡಿದಾಗ ವೈರಸ್ ಪ್ರೋಟೀನ್ ಕಂಡದ್ದು ನಾರಿನೊಳಗಲ್ಲ, ನಾರಿನ ಅಂಚಿನ ಸ್ಯಾಟಲೈಟ್ ಕೋಶಗಳಲ್ಲಿ. ರಿಪೇರಿ ಮಾಡಬೇಕಾದ ಕೋಶವೇ ಸೋಂಕಿತವಾದರೆ ರಿಪೇರಿ ನಿಧಾನವಾಗುವುದರಲ್ಲಿ ಆಶ್ಚರ್ಯವಿಲ್ಲ. ಕಾಕ್ಸಾಕಿ ಮಾದರಿಯಲ್ಲೂ ಪ್ಯಾಕ್ಸ್7 ಬಣ್ಣ ಹಾಕಿ ಈ ಕೋಶಗಳನ್ನು ಎಣಿಸುವುದು ಒಳ್ಳೆಯದು.

ಥೈಮಸ್

ಡಾಕ್ಟ್ರೇ, ಒಂದು ಎಚ್ಚರಿಕೆ ಸೇರಿಸುತ್ತೇನೆ. ಚಿಕೂನ್‌ಗುನ್ಯಾದ ಬಳಗದ ರಾಸ್ ರಿವರ್ ವೈರಸ್ಸನ್ನು ಸುಮಾರು 24 ದಿನದ ಸಿ57 ಬ್ಲ್ಯಾಕ್ 6 ಇಲಿಗಳ ಪಾದಕ್ಕೆ ಕೊಟ್ಟರೆ ಏಳರಿಂದ ಹತ್ತು ದಿನದಲ್ಲಿ ತೀವ್ರ ಮಯೋಸೈಟಿಸ್ ಬರುತ್ತದೆ. ಟಿ ಮತ್ತು ಬಿ ಕೋಶ ಎರಡೂ ಇಲ್ಲದ ರ‍್ಯಾಗ್1 ಇಲಿಯಲ್ಲೂ ಬರುತ್ತದೆ. ಅಲ್ಲಿ ಹಾನಿ ಮಾಡುವುದು ಮುಖ್ಯವಾಗಿ ಮ್ಯಾಕ್ರೊಫೇಜ್ ಮತ್ತು ಕಾಂಪ್ಲಿಮೆಂಟ್ (ರಕ್ತದ ರಕ್ಷಕ ಪ್ರೋಟೀನುಗಳ ಗುಂಪು). ಕಾಂಪ್ಲಿಮೆಂಟಿನ ಸಿ3 ಪ್ರೋಟೀನ್ ಇಲ್ಲದ ಇಲಿಯಲ್ಲಿ ಕೋಶಗಳು ಸ್ನಾಯುವಿಗೆ ಬಂದರೂ ಹಾನಿ ಕಡಿಮೆ. ಅಂದರೆ ವೈರಸ್ಸಿನಿಂದ ಸ್ನಾಯು ಉರಿಯೂತ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಯಂತ್ರಗಳಿವೆ. ಒಂದರಲ್ಲಿ ಕೆಲಸ ಮಾಡಿದ ಔಷಧಿ ಇನ್ನೊಂದರಲ್ಲಿ ಮಾಡಬೇಕಿಲ್ಲ.

ಎರಡನೇ ಕಾರಣಕ್ಕೆ ಬಲ ಕೊಡುವ ಇನ್ನೊಂದು ಸಾಕ್ಷಿ ವೈರಸ್ಸೇ ಇಲ್ಲದ್ದು. ಸ್ನಾಯುನಾರಿನಲ್ಲಿ ಎಂಎಚ್‌ಸಿ ಕ್ಲಾಸ್ 1 (ಕೋಶದೊಳಗಿನ ತುಣುಕುಗಳನ್ನು ಟಿ ಕೋಶಕ್ಕೆ ತೋರಿಸುವ ಪ್ರೋಟೀನ್) ಅನ್ನು ಬೇಕೆಂದಾಗ ಏರಿಸಬಲ್ಲ ತಳಿಯ ಇಲಿಯಲ್ಲಿ, ಅದನ್ನು ಏರಿಸಿದ್ದಷ್ಟರಿಂದಲೇ ಮಯೋಸೈಟಿಸ್ ಬಂತು, 2000ದ ವರದಿ. ಆರೋಗ್ಯವಂತ ನಾರಿನಲ್ಲಿ ಈ ಪ್ರೋಟೀನ್ ಕಾಣುವುದೇ ಕಷ್ಟ, ವೈರಸ್ ಬಂದಾಗ ಕೋಶಗಳ ಎಚ್ಚರಿಕೆ ಸಂದೇಶವಾದ ಇಂಟರ್‌ಫೆರಾನ್ ಅದನ್ನು ಏರಿಸುತ್ತದೆ. ಎರಡೆಳೆ ಆರ್‌ಎನ್‌ಎ ಒಳಗೆ ಉಳಿದಿದ್ದರೆ ಕೋಶದೊಳಗಿನ ಸಂವೇದಕ ಎಂಡಿಎ5 ಅದನ್ನು ಗುರುತಿಸುತ್ತಲೇ ಇರುತ್ತದೆ, ಇಂಟರ್‌ಫೆರಾನ್ ಇಳಿಯುವುದಿಲ್ಲ, ಎಂಎಚ್‌ಸಿ ಇಳಿಯುವುದಿಲ್ಲ, ಟಿ ಕೋಶ ಹೋಗುವುದಿಲ್ಲ. ಹೀಗೆ ನೋಡಿದರೆ ನಿಮ್ಮ ಮೊದಲ ಮತ್ತು ಎರಡನೇ ಕಾರಣ ಒಂದೇ ಸರಪಳಿಯ ಕೊಂಡಿಗಳಾಗಬಹುದು. ಇದು ನನ್ನ ಅಭಿಪ್ರಾಯ, ಈ ಮಾದರಿಯಲ್ಲಿ ಸಾಬೀತಾದದ್ದು ಎಂದು ಹೇಳುತ್ತಿಲ್ಲ.

ಎರಡೆಳೆ

ನಾನೂ ಅದೇ ಕಡೆ ವಾಲುತ್ತೇನೆ. ಆದರೆ ಅದಕ್ಕೆ ಮೊದಲು ನಿಮ್ಮ ವೈರಸ್ ನೀವು ಅಂದುಕೊಂಡ ವೈರಸ್ಸೇ ಎಂದು ಖಾತ್ರಿ ಮಾಡಿಕೊಳ್ಳಿ. ದೀರ್ಘ ಮಯೋಪತಿ ತರುವ ಗುಣ 5 ಪ್ರೈಮ್ ಅನುವಾದವಾಗದ ಭಾಗ ಮತ್ತು ವಿಪಿ1 ಕವಚ ಪ್ರೋಟೀನ್ ಎರಡರಲ್ಲೂ ಹಂಚಿಹೋಗಿದೆ ಎಂದು 2008ರಲ್ಲಿ ತೋರಿಸಿದ್ದಾರೆ. ಹೀಲಾದಲ್ಲಿ ಬೆಳೆಸುತ್ತ ಹೋದಂತೆ ವೈರಸ್ ಹೀಲಾಕ್ಕೆ ಒಗ್ಗಿಕೊಳ್ಳುತ್ತದೆ, ಟೈಟರ್ (ವೈರಸ್ಸಿನ ಪ್ರಮಾಣ) ಏರುತ್ತದೆ, ಸ್ನಾಯು ಕೆಡಿಸುವ ಗುಣ ಸದ್ದಿಲ್ಲದೆ ಕಳೆದುಹೋಗುತ್ತದೆ. ಸಾಧ್ಯವಿದ್ದರೆ ಸೋಂಕುಕಾರಿ ಸಿಡಿಎನ್‌ಎ ಕ್ಲೋನ್‌ನಿಂದ (ವೈರಸ್ ಜೀನೋಮಿನ ಡಿಎನ್‌ಎ ನಕಲು) ಶುರು ಮಾಡಿ. ಒಂದೇ ಸಲ ದೊಡ್ಡ ಸ್ಟಾಕ್ ಬೆಳೆಸಿ, ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಡಿ, ಸುಮಾರು 7,400 ಬೇಸಿನ ಇಡೀ ಜೀನೋಮ್ ಸೀಕ್ವೆನ್ಸ್ ಮಾಡಿಸಿ. ಡೋಸನ್ನು ಪ್ರಬಂಧ ನೋಡಿ ನಕಲು ಮಾಡಬೇಡಿ, ಹತ್ತು ಪಟ್ಟು ಅಂತರದ ಮೂರು ಡೋಸ್ ನಿಮ್ಮ ಕಾಲೊನಿಯಲ್ಲೇ ನೋಡಿ. ಹೆಚ್ಚಾದರೆ ಮರಿ ಸಾಯುತ್ತದೆ, ಉಳಿದದ್ದು ಬಲಿಷ್ಠ ಮರಿಗಳ ಆಯ್ದ ಗುಂಪಾಗುತ್ತದೆ.

ಕಿಟಕಿ_ಬೆಂಚು

ಬಹಳ ಉಪಕಾರ. ಹಾಗಾದರೆ ಯೋಜನೆ ಹೀಗೆ: ಸೋಂಕಿತ, ಯುವಿಯಿಂದ ನಿಷ್ಕ್ರಿಯ ಮಾಡಿದ ವೈರಸ್, ಮತ್ತು ಬರೀ ಮಾಧ್ಯಮ ಪಡೆದ ಸೂಲುಗಳು. 3, 7, 14, 28, 42, 70ನೇ ದಿನ ಸ್ನಾಯು. 28ನೇ ದಿನ ಸಿಡಿ4 ಅಥವಾ ಸಿಡಿ8 ತೆರವು, 42 ಮತ್ತು 70ರಲ್ಲಿ ಹೋಲಿಕೆ. ಎಡತೊಡೆ ಹಿಸ್ಟಾಲಜಿಗೆ, ಬಲತೊಡೆ ಆರ್‌ಎನ್‌ಎಗೆ. ತಳಿ ಬಾಲ್ಬ್-ಸಿ ಆದರೆ ಆಗುತ್ತದೆಯೇ?

ಥೈಮಸ್

ತಳಿಯ ಹಿನ್ನೆಲೆಯೂ ಎಂಎಚ್‌ಸಿಯೂ ಎರಡೂ ಈ ರೋಗದ ಮೇಲೆ ಪ್ರಭಾವ ಬೀರುತ್ತವೆ ಎಂದು 1996ರಲ್ಲೇ ತೋರಿಸಿದ್ದಾರೆ. ಆದ್ದರಿಂದ ತಳಿ ಬದಲಿಸಿದರೆ ಮಾದರಿಯನ್ನೇ ಹೊಸದಾಗಿ ನಿಲ್ಲಿಸಿದಂತೆ. ಮೊದಲು ಸಿಡಿ-1 ಎಂಬ ಸ್ವಿಸ್ ತಳಿಯ ಇಲಿಯಲ್ಲಿ ಮಾಡಿ. ಬೆಳೆದ ಇಲಿಯಲ್ಲಿ ಮಾಡುವ ಆಸೆಯೂ ಬೇಡ. ಕಾಕ್ಸಾಕಿ ಬಿ ಒಳಹೋಗುವ ಬಾಗಿಲಾದ ಸಿಎಆರ್ ಪ್ರೋಟೀನ್ ಎಳೆ ಸ್ನಾಯುವಿನಲ್ಲಿ ಹೇರಳ, ಬೆಳೆದಂತೆ ಬಹಳ ಇಳಿಯುತ್ತದೆ. ಬೆಳೆದದ್ದರಲ್ಲೇ ಬೇಕೆಂದರೆ ಇಎಂಸಿ (ಎನ್ಸೆಫಲೋಮಯೋಕಾರ್ಡೈಟಿಸ್) ವೈರಸ್ಸಿನ 221ಎ ತಳಿಯ ಮಾದರಿ ಬೇರೆ ಇದೆ.

ಸ್ಲೈಡ್_ಮುಂದೆ

ಎಡ ಬಲ ಹಂಚಿಕೆ ಬದಲಿಸಿ. ಗಾಯ ಅಲ್ಲಲ್ಲಿ ಇರುವುದರಿಂದ ಎಡತೊಡೆಯಲ್ಲಿ ಕಂಡ ಉರಿಯೂತಕ್ಕೂ ಬಲತೊಡೆಯ ಆರ್‌ಎನ್‌ಎಗೂ ತಾಳೆಯಾಗದೆ ಹೋಗಬಹುದು. ಅದೇ ಬ್ಲಾಕಿನಲ್ಲಿ ಸ್ಲೈಡಿಗೆ ಒಂದು ಸೆಕ್ಷನ್ ತೆಗೆದ ಮೇಲೆ ಮುಂದಿನ 20 ಸೆಕ್ಷನ್‌ಗಳನ್ನು ತಣ್ಣನೆಯ ಟ್ಯೂಬಿಗೆ ಉರುಳಿಸಿ ಆರ್‌ಎನ್‌ಎ ತೆಗೆಯಿರಿ. ಒಂದು ಬ್ಲಾಕಿನಿಂದ ಮುಂದಿನ ಬ್ಲಾಕಿಗೆ ಹೋಗುವಾಗ ಬ್ಲೇಡ್ ಬದಲಿಸಿ. ಮೊದಲು ಸೋಂಕಿಲ್ಲದ ಬ್ಲಾಕ್, ಕೊನೆಗೆ ಮೂರನೇ ದಿನದ ಬ್ಲಾಕ್ ಕತ್ತರಿಸಿ. ಆ ದಿನದ ಸ್ನಾಯುವಿನಲ್ಲಿ ವೈರಸ್ ಆರ್‌ಎನ್‌ಎ ಎಷ್ಟಿರುತ್ತದೆಂದರೆ ಬ್ಲೇಡಿಗಂಟಿದ ಒಂದು ಚೂರು ಸಾಕು, 70ನೇ ದಿನದ ಮಾದರಿ ಪಾಸಿಟಿವ್ ಬರಲು.